ತಾಳೆ ನೋಡದ ಗುಮಾಸ್ತ

ಗಡಹಿಂಗ್ಲಜದ ನಮ್ಮ ಮನೆಗಳಲ್ಲಿ ನೀರನ್ನು ಬಟ್ಟೆಯಲ್ಲಿ ಸೋಸದೆ ಕುಡಿಯುವುದಿಲ್ಲ. ಆದರೆ ಬಂಧುಗಳೇ, ಎಳೆಯ ಮಕ್ಕಳಿಗೆ ವಾಂತಿಭೇದಿ ತರುವ ರೋಟಾ ವೈರಸ್ ಆ ಬಟ್ಟೆಯ ರಂಧ್ರಕ್ಕಿಂತ ನೂರಾರು ಪಟ್ಟು ಚಿಕ್ಕದು. ಸೋಸಿದ ಮೇಲೆ ಕುದಿಸಲೂ ಬೇಕು, ಕೈಯನ್ನೂ ತೊಳೆಯಬೇಕು.

ಈ ವೈರಸ್ಸಿನ ಖಾತೆವಹಿ ಎಂದರೆ ಆರ್‌ಎನ್‌ಎಯ 11 ತುಂಡುಗಳು. ಅವನ್ನು ನಕಲು ಮಾಡುವುದು ವಿಪಿ-1 ಎಂಬ ಕಿಣ್ವ. ಈ ಕೆಲಸಕ್ಕೆ ನಮ್ಮ ಜೀವಕೋಶದಲ್ಲಿ ಗುಮಾಸ್ತ ಸಿಗುವುದಿಲ್ಲವೆಂದು ವೈರಸ್ ತನ್ನವನನ್ನು ಜೊತೆಗೇ ಕರೆತರುತ್ತದೆ. ಕೈ ಬಲು ಚುರುಕು, ಬರೆದದ್ದನ್ನು ತಾಳೆ ನೋಡುವ ರೂಢಿ ಮಾತ್ರ ಇಲ್ಲ. ನಮ್ಮ ಅಂಗಡಿಯಲ್ಲಾಗಿದ್ದರೆ ಅಂಥವನನ್ನು ದೀಪಾವಳಿಯವರೆಗೂ ಇಟ್ಟುಕೊಳ್ಳುತ್ತಿರಲಿಲ್ಲ! ಆ ತಪ್ಪುಗಳಿಂದಲೇ ವೈರಸ್ ರೂಪ ಬದಲಿಸುತ್ತದೆ.

ಒಂದೇ ಕೋಶಕ್ಕೆ ಎರಡು ಬಗೆಯ ರೋಟಾ ಹೊಕ್ಕರೆ ಎರಡರ ಹಾಳೆಗಳೂ ಕಲೆಯುತ್ತವೆ. 1980ರ ದಶಕದಲ್ಲಿ ಬೆಂಗಳೂರಿನ ನವಜಾತ ಶಿಶುಗಳಲ್ಲಿ ಸಿಕ್ಕ ಐ-321 ತಳಿಯನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ದುರ್ಗಾ ರಾವ್ ಮತ್ತು ಸಂಗಡಿಗರು ಅಭ್ಯಸಿಸಿದರು. ಅದರಲ್ಲಿ 9 ತುಂಡು ದನದ ವೈರಸ್ಸಿನವು, 2 ಮನುಷ್ಯನ ವೈರಸ್ಸಿನವು. ಕೂಸುಗಳಿಗೆ ಭೇದಿಯೇ ಆಗಿರಲಿಲ್ಲ. ದೆಹಲಿಯ ಶಿಶುಗಳಲ್ಲಿ ದೊರೆತ ಇಂಥದೇ ಸೌಮ್ಯ ತಳಿ 116ಇ. ಅದರಲ್ಲಿ ದನದ್ದು ಒಂದೇ ತುಂಡು. ಅದರಿಂದಲೇ ರೋಟಾವ್ಯಾಕ್ ಲಸಿಕೆ ತಯಾರಾಯಿತು. 2016ರಲ್ಲಿ ಸರ್ಕಾರಿ ಲಸಿಕಾ ಕಾರ್ಯಕ್ರಮಕ್ಕೆ ಸೇರಿದ ರೋಟಾ ಲಸಿಕೆಯನ್ನು ಮಗುವಿಗೆ 6, 10, 14ನೆಯ ವಾರಗಳಲ್ಲಿ ಬಾಯಿಗೇ ಹಾಕುತ್ತಾರೆ.