ಎಳೆಯ ಗುಲಾಬಿ ಗಿಡಗಳ ಸವರುವಿಕೆ: ಹೊಸದಾಗಿ ಗುಲಾಬಿ ಬೆಳೆಸುವವರಿಗೆ ಮಾಹಿತಿ

ಬಸವನಗುಡಿ, ಮಲ್ಲೇಶ್ವರ ಹಾಗೂ ಚಾಮರಾಜಪೇಟೆಯಂತಹ ಹಳೆಯ ಬಡಾವಣೆಗಳಲ್ಲಿ ಮನೆಯ ಮುಂದೆ ಗುಲಾಬಿ ಬೆಳೆಸುವ ರೂಢಿ ಬಹುಕಾಲದಿಂದ ಇದೆ. ಇಂದು ಅಂಗಳಗಳು ಕಿರಿದಾಗಿದ್ದು, ಅನೇಕರು ತಾರಸಿಯ ಕುಂಡಗಳಲ್ಲಿ ಗಿಡಗಳನ್ನು ಬೆಳೆಸುತ್ತಿದ್ದಾರೆ. ನರ್ಸರಿಯಿಂದ ತಂದ ಗಿಡಗಳು ಮೊದಲ ವರ್ಷದಲ್ಲಿಯೇ ಒಣಗಲು ಅಥವಾ ಕಾಡು ಗುಲಾಬಿಯಾಗಿ ಮಾರ್ಪಡಲು ತಪ್ಪಾದ ಸವರುವಿಕೆಯೂ ಒಂದು ಕಾರಣವಾಗಿದೆ. ಈ ಬಗ್ಗೆ ಸಾರ್ವಜನಿಕರ ತಿಳುವಳಿಕೆಗಾಗಿ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

ಸವರುವಿಕೆ ಎಂದರೇನು?

ಒಣಗಿದ, ರೋಗ ತಗುಲಿದ ಮತ್ತು ಹಳೆಯದಾದ ಕಡ್ಡಿಗಳನ್ನು ಕತ್ತರಿಸಿ, ಹೊಸ ಚಿಗುರಿಗೆ ಅವಕಾಶ ಮಾಡಿಕೊಡುವುದೇ ಸವರುವಿಕೆ. ಬೆಳೆಗಾರರು ಇದನ್ನು ಚಾಟನಿ ಎಂದೂ ಕರೆಯುವರು. ಗುಲಾಬಿಯು ಹೊಸ ಚಿಗುರಿನ ತುದಿಯಲ್ಲಿ ಹೂ ಬಿಡುವುದರಿಂದ ಬಲಿತ ಗಿಡಗಳಿಗೆ ಇದು ಅವಶ್ಯಕ. ಆದರೆ ಎಳೆಯ ಗಿಡದ ಬೇರು ಇನ್ನೂ ಹರಡಿರುವುದಿಲ್ಲ. ಎಲೆಗಳು ತಯಾರಿಸುವ ಆಹಾರದಿಂದಲೇ ಬೇರು ಬೆಳೆಯಬೇಕಾಗಿರುತ್ತದೆ. ಎಲೆ ಸಹಿತ ಕಡ್ಡಿಗಳನ್ನು ಹೆಚ್ಚಾಗಿ ಕತ್ತರಿಸಿದಲ್ಲಿ ಬೇರಿನ ಬೆಳವಣಿಗೆ ಕುಂಠಿತವಾಗುತ್ತದೆ. ಆದ್ದರಿಂದ ಮೊದಲ ವರ್ಷ ಅತಿ ಕಡಿಮೆ ಕತ್ತರಿಸುವುದೇ ಸರಿಯಾದ ಕ್ರಮವಾಗಿದೆ.

ಕಸಿ ಗಂಟನ್ನು ಗುರುತಿಸುವುದು

ದೊಡ್ಡ ಹೂವಿನ ತಳಿಗಳನ್ನು ಸಾಮಾನ್ಯವಾಗಿ ಬೇರೊಂದು ಗಟ್ಟಿ ಜಾತಿಯ ಗುಲಾಬಿಯ ಮೇಲೆ ಕಣ್ಣು ಕಸಿ ಮಾಡಿ ಬೆಳೆಸಲಾಗುತ್ತದೆ. ಬುಡದಲ್ಲಿ ಉಬ್ಬಿದಂತೆ ಕಾಣುವ ಭಾಗವೇ ಕಸಿ ಗಂಟು. ಗಂಟಿನ ಮೇಲಿನ ಕಡ್ಡಿಗಳು ಮಾತ್ರ ನೀವು ಖರೀದಿಸಿದ ತಳಿಗೆ ಸೇರಿದವು. ಗಂಟಿನ ಕೆಳಗಿನಿಂದ ಬರುವ ಚಿಗುರುಗಳು ಬೇರುಸಸಿಗೆ ಸೇರಿದ್ದು, ಅವುಗಳನ್ನು ಬಿಟ್ಟಲ್ಲಿ ಮೇಲಿನ ತಳಿಯು ಕ್ರಮೇಣ ಸೊರಗುತ್ತದೆ. ಎಲೆಯಲ್ಲಿರುವ ಕಿರು ಎಲೆಗಳ ಸಂಖ್ಯೆಯನ್ನು ಮಾತ್ರ ನೋಡಿ ನಿರ್ಧರಿಸಬಾರದು. ಚಿಗುರು ಹೊರಟ ಸ್ಥಳವನ್ನು ಮಣ್ಣು ಸರಿಸಿ ನೋಡತಕ್ಕದ್ದು. ಕಸಿ ಗಂಟಿನ ಕೆಳಗೆ ಗಿಡವನ್ನು ಎಂದಿಗೂ ಕತ್ತರಿಸಬಾರದು. ಹಾಗೆ ಕತ್ತರಿಸಿದಲ್ಲಿ ತಳಿಯು ಪೂರ್ಣವಾಗಿ ನಷ್ಟವಾಗುತ್ತದೆ.

ಕಡ್ಡಿ ನೆಟ್ಟು ಬೆಳೆಸಿದ ಪನ್ನೀರು ಗುಲಾಬಿಯಂತಹ ಗಿಡಗಳಿಗೆ ಕಸಿ ಗಂಟು ಇರುವುದಿಲ್ಲ. ಅವುಗಳ ಬುಡದಿಂದ ಬರುವ ಚಿಗುರುಗಳನ್ನು ತೆಗೆಯುವ ಅಗತ್ಯವಿಲ್ಲ.

ಮೊದಲ ವರ್ಷ ಅನುಸರಿಸಬೇಕಾದ ಕ್ರಮಗಳು

1. ನೆಟ್ಟ ಮೊದಲ ಒಂದೆರಡು ತಿಂಗಳು ಬರುವ ಮೊಗ್ಗುಗಳನ್ನು ಚಿವುಟಿ ತೆಗೆಯುವುದು.
2. ಒಣಗಿದ, ಕಪ್ಪಾದ ಕಡ್ಡಿಯನ್ನು ಒಳಭಾಗ ಬಿಳಿಯಾಗಿ ಕಾಣುವವರೆಗೆ ಕತ್ತರಿಸುವುದು.
3. ಬಾಡಿದ ಹೂವನ್ನು ಅದರ ಕೆಳಗಿರುವ, ಐದು ಕಿರು ಎಲೆಗಳುಳ್ಳ ಮೊದಲ ಎಲೆಯ ಮೇಲ್ಭಾಗದಲ್ಲಿ ಕತ್ತರಿಸುವುದು. ಉದ್ದನೆಯ ಕಡ್ಡಿ ಸಮೇತ ಹೂ ಕೊಯ್ಯಬಾರದು.
4. ಬೇರುಸಸಿಯ ಚಿಗುರುಗಳನ್ನು ಎಳೆಯದಿರುವಾಗಲೇ ಬುಡದಿಂದ ಕಿತ್ತು ತೆಗೆಯುವುದು. ಮೇಲ್ಭಾಗವನ್ನಷ್ಟೇ ಕತ್ತರಿಸಿದಲ್ಲಿ ಅವು ಪುನಃ ಚಿಗುರುತ್ತವೆ.

ಕತ್ತರಿಸುವ ವಿಧಾನ

ಹರಿತವಾದ ಸಿಕೇಟರ್ ಕತ್ತರಿಯನ್ನು ಬಳಸತಕ್ಕದ್ದು. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವ ಮುನ್ನ ಅಲಗನ್ನು ಸ್ಪಿರಿಟ್‌ನಿಂದ ಒರೆಸುವುದು ಒಳ್ಳೆಯದು. ಗಿಡದ ಹೊರಮುಖವಾಗಿರುವ ಕಣ್ಣಿನ ಮೇಲೆ ಸುಮಾರು ಕಾಲು ಅಂಗುಲ ಬಿಟ್ಟು, ನೀರು ಕಣ್ಣಿನ ಕಡೆಗೆ ಹರಿಯದಂತೆ ಓರೆಯಾಗಿ ಕತ್ತರಿಸಬೇಕು. ಹೊರಮುಖದ ಕಣ್ಣು ಚಿಗುರಿದಲ್ಲಿ ಗಿಡದ ನಡುವೆ ಗಾಳಿ, ಬೆಳಕು ಆಡುತ್ತದೆ. ಕತ್ತರಿಸಿದ ದಪ್ಪ ಕಡ್ಡಿಗಳ ತುದಿಗೆ ಬೋರ್ಡೋ ಮುಲಾಮು ಲೇಪಿಸುವುದರಿಂದ ತುದಿ ಒಣಗುವ ರೋಗವನ್ನು ತಡೆಗಟ್ಟಬಹುದು. ಕತ್ತರಿಸಿದ ಕಡ್ಡಿಗಳನ್ನೂ ಕಪ್ಪು ಚುಕ್ಕೆ ರೋಗವಿರುವ ಎಲೆಗಳನ್ನೂ ಗಿಡದ ಬುಡದಲ್ಲಿ ಬಿಡಬಾರದು.

ಸೂಕ್ತ ಕಾಲ

ಬೆಂಗಳೂರಿನಲ್ಲಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಮಳೆ ಅಧಿಕ. ಒಂದು ವರ್ಷ ಪೂರೈಸಿದ ಗಿಡಗಳನ್ನು ಈ ಮಳೆ ಕಡಿಮೆಯಾದ ನಂತರ, ಒಣ ಹವೆಯ ದಿನದಂದು ಸವರುವುದು ಸೂಕ್ತ. ಮೊದಲ ಸಲ ಗಿಡದ ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬಾರದು. ನಂತರ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ನೀಡಿ, ಹದವಾಗಿ ನೀರುಣಿಸಬೇಕು. ದಿನಕ್ಕೆ ಕನಿಷ್ಠ ಐದಾರು ಗಂಟೆ ಬಿಸಿಲು ಅವಶ್ಯಕವಾಗಿದ್ದು, ಹಳೆಯ ಬಡಾವಣೆಗಳ ದೊಡ್ಡ ಸಾಲುಮರಗಳ ನೆರಳಿನಲ್ಲಿರುವ ಗಿಡಗಳು ಸವರಿದರೂ ಸರಿಯಾಗಿ ಹೂ ಬಿಡುವುದಿಲ್ಲ. ಅಂತಹ ಕುಂಡಗಳನ್ನು ಬಿಸಿಲಿರುವ ಕಡೆಗೆ ಸ್ಥಳಾಂತರಿಸತಕ್ಕದ್ದು.

ಫಲಪುಷ್ಪ ಪ್ರದರ್ಶನಕ್ಕೆ ಸಂಬಂಧಿಸಿದಂತೆ

ಲಾಲ್‌ಬಾಗ್‌ನಲ್ಲಿ 1889ರಲ್ಲಿ ಶಂಕುಸ್ಥಾಪನೆಗೊಂಡ ಗಾಜಿನ ಮನೆಯು ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನದ ಪ್ರಮುಖ ಸ್ಥಳವಾಗಿದೆ. ಸವರಿದ ಸುಮಾರು ಆರರಿಂದ ಏಳು ವಾರಗಳಲ್ಲಿ ಗುಲಾಬಿ ಹೂ ಬಿಡುವುದರಿಂದ, ಜನವರಿಯಲ್ಲಿ ಹೂ ಬಯಸುವವರು ಡಿಸೆಂಬರ್ ಆರಂಭದಲ್ಲಿ ಸವರುವುದುಂಟು. ಈ ಲೆಕ್ಕಾಚಾರ ಬಲಿತ ಗಿಡಗಳಿಗೆ ಮಾತ್ರ ಅನ್ವಯಿಸುತ್ತದೆ. ಸ್ಪರ್ಧೆಯ ಆಸೆಯಿಂದ ಎಳೆಯ ಗಿಡಗಳನ್ನು ಆಳವಾಗಿ ಸವರಬಾರದು. ಒಂದು ವರ್ಷ ಹೂವಿಗಾಗಿ ಆತುರಪಡದೆ ಕಾಪಾಡಿದ ಗಿಡವು ಮುಂದೆ ಹಲವು ವರ್ಷ ಹೂ ನೀಡುತ್ತದೆ ಎಂಬುದನ್ನು ಸಾರ್ವಜನಿಕರು ಗಮನಿಸುವುದು.