ಡೀವಾ ನಮ್ಮ ದೇವಿಯೇ?

ಬಂಗಾರಪೇಟೆಗೆ ಬಂಗಾರದಿಂದಲೇ ಹೆಸರು ಬಂತೆಂದು ನಂಬಿದವರು ಬಹಳ. ಕೂಗಳತೆಯಲ್ಲಿ ಕೋಲಾರದ ಚಿನ್ನದ ಗಣಿ ಇರುವಾಗ ಯಾರು ಅನುಮಾನಪಡುತ್ತಾರೆ? ಆದರೆ ಊರಿನ ಹಳೆಯ ಹೆಸರು ಬೌರಿಂಗ್‌ಪೇಟೆ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಜನರ ಬಾಯಲ್ಲಿ ಸವೆದು ಸವೆದು ಬಂಗಾರವಾದ. ಸಿನಿಮಾ ಪುಟಗಳು ನಟಿಯರ ಹೆಸರಿನ ಜೊತೆ ಸಲೀಸಾಗಿ ಅಂಟಿಸುವ ‘ಡೀವಾ’ ಪದಕ್ಕೂ ಇಂಥದೇ ಒಂದು ಕಥೆ ಅಂಟಿಕೊಂಡಿದೆ: ಅದು ನಮ್ಮ ಸಂಸ್ಕೃತದ ‘ದೇವಿ’, ಇಂಗ್ಲಿಷರು ಎತ್ತಿಕೊಂಡು ಹೋದರು ಎಂಬ ಕಥೆ.

ಕಥೆಯಲ್ಲಿ ಅರ್ಧ ಸತ್ಯ ಇದೆ. ಲ್ಯಾಟಿನ್‌ನ ‘ದೀವಾ’ಗೆ ಅರ್ಥವೇ ದೇವತೆ. ಅದೂ ಸಂಸ್ಕೃತದ ‘ದೇವ’ವೂ ಬೆಳಕು, ಆಕಾಶ ಎಂಬ ಅರ್ಥದ ಒಂದೇ ಪ್ರಾಚೀನ ಧಾತುವಿನಿಂದ ಹುಟ್ಟಿದವು, ‘ದಿವಾಕರ’ನಲ್ಲಿರುವ ಹಗಲೂ ಅಲ್ಲಿಂದಲೇ ಬಂದದ್ದು. ಅಂದರೆ ಎರಡೂ ದಾಯಾದಿಗಳು. ಇಂಗ್ಲಿಷ್ ಈ ಪದವನ್ನು ಪಡೆದದ್ದು ಇಟಾಲಿಯನ್ ಭಾಷೆಯಿಂದ, ಅದೂ 1880ರ ದಶಕದ ಸುಮಾರಿಗೆ. ಜಾನ್ ಟೇಲರ್ ಕಂಪನಿ ಕೋಲಾರದಲ್ಲಿ ಗಣಿ ಅಗೆಯಲು ಕೈಹಾಕಿದ ಕಾಲವೂ ಅದೇ.

ಡೀವಾ ಎಂದರೆ ಥಳಕಿನ ಸಿನಿಮಾ ನಟಿ ಎಂಬುದು ಇನ್ನೊಂದು ನಂಬಿಕೆ. ಸಿನಿಮಾ ಹುಟ್ಟುವ ಮೊದಲೇ ಆ ಪದ ಇಟಲಿಯ ಒಪೆರಾ ರಂಗದಲ್ಲಿ ಮೆರೆಯುತ್ತಿತ್ತು. ಅಲ್ಲಿ ಅದಕ್ಕೆ ಬೇಕಿದ್ದದ್ದು ಕಂಠ, ಸೊಂಟವಲ್ಲ. ಮೈಕು ಇಲ್ಲದ ಕಾಲದಲ್ಲಿ ವಾದ್ಯವೃಂದದ ಅಬ್ಬರವನ್ನು ಸೀಳಿಕೊಂಡು ಕೊನೆಯ ಸಾಲಿನ ಶ್ರೋತೃವಿಗೂ ದನಿ ಮುಟ್ಟಿಸಿದ ಗಾಯಕಿಯನ್ನು ಅಭಿಮಾನಿಗಳು ದೇವತೆ ಎಂದರು. ಬೆಲ್ಲಿನಿಯ ‘ನಾರ್ಮಾ’ (1831) ಒಪೆರಾದ ‘ಕಾಸ್ತಾ ದೀವಾ’ ಹಾಡು ಮಾತ್ರ ಯಾವ ಗಾಯಕಿಯ ಹೊಗಳಿಕೆಯೂ ಅಲ್ಲ. ಅದು ಚಂದ್ರದೇವತೆಗೆ ಸಲ್ಲುವ ಪ್ರಾರ್ಥನೆ. ಪದ ಬೆಳ್ಳಿತೆರೆಗೆ ದಾಟಿದ್ದು 1910ರ ದಶಕದ ಇಟಲಿಯ ಮೂಕಿ ಚಿತ್ರಗಳಲ್ಲಿ. ಲಿದಾ ಬೊರೆಲ್ಲಿ, ಫ್ರಾಂಚೆಸ್ಕಾ ಬೆರ್ತೀನಿ ಆಗಿನ ತಾರೆಯರು. ಕಂಠಕ್ಕೆ ಸಂದ ಬಿರುದು ಮಾತೇ ಇಲ್ಲದ ಚಿತ್ರಗಳ ನಟಿಯರಿಗೆ ಹೋದದ್ದು ತಮಾಷೆಯೇ ಸರಿ.

ಕನ್ನಡದ್ದು ಇನ್ನೂ ಸ್ವಾರಸ್ಯದ ಸಂಗತಿ. ‘ಕೆಜಿಎಫ್’ (2018) ಚಿತ್ರದಲ್ಲಿ ತಮನ್ನಾ ಕುಣಿದ ‘ಜೋಕೆ’ ಹಾಡಿನ ಮೂಲ 1970ರ ‘ಪರೋಪಕಾರಿ’ಯಲ್ಲಿದೆ, ಆಗ ಹಾಡಿದವರು ಎಲ್.ಆರ್. ಈಶ್ವರಿ. ಪರದೆಯ ಮೇಲೆ ಕುಣಿಯುವ ಮುಖ ಎಲ್ಲರಿಗೂ ನೆನಪಿರುತ್ತದೆ. ಆದರೆ ಹಳೆಯ ಅರ್ಥ ಹಿಡಿದು ನೋಡಿದರೆ ಡೀವಾ ಪಟ್ಟ ತೆರೆಯ ಹಿಂದಿದ್ದ ಈಶ್ವರಿಯವರಿಗೇ ಸಲ್ಲಬೇಕು. ‘ಪರೋಪಕಾರಿ’ಯ ನಾಯಕಿ ಜಯಂತಿಯವರನ್ನು ಕನ್ನಡಿಗರು ಕರೆದದ್ದು ‘ಅಭಿನಯ ಶಾರದೆ’ ಎಂದು, ಬಿ. ಸರೋಜಾದೇವಿಯವರನ್ನು ‘ಅಭಿನಯ ಸರಸ್ವತಿ’ ಎಂದು. ಇಟಲಿಯವರ ಪದವನ್ನು ಕಡ ತರದೆಯೇ ನಮ್ಮವರು ಕಲಾವಿದೆಯರನ್ನು ದೇವತೆಗಳ ಪಕ್ಕ ಕೂರಿಸಿದ್ದರು.

ಡೀವಾ ಎಂದರೆ ಸೊಕ್ಕಿನ ಹೆಂಗಸು ಎಂಬ ಅರ್ಥ ಆಮೇಲೆ ಸೇರಿಕೊಂಡದ್ದು. ಒಪೆರಾ ತಂಡದ ಮುಖ್ಯ ಗಾಯಕಿಗೆ ಇದ್ದ ‘ಪ್ರೀಮಾ ದೊನ್ನಾ’ ಪದಕ್ಕೂ ಇದೇ ಗತಿಯಾಯಿತು. ಕ್ಯಾರವಾನ್‌ನಲ್ಲಿ ಎಸಿ ಕೆಟ್ಟಿತೆಂದು ರೇಗುವ ನಾಯಕನಿಗೆ ಮಾತ್ರ ಯಾರೂ ಆ ಹೆಸರಿಡುವುದಿಲ್ಲ. ಹಾಗೆಂದು ಗಂಡಸರಿಗೆ ಪದವೇ ಇಲ್ಲ ಅನ್ನುವಂತಿಲ್ಲ: ಇಟಾಲಿಯನ್‌ನಲ್ಲಿ ‘ದೀವೋ’ ಇದೆ. ರೋಮನ್ನರು ಸತ್ತ ಜೂಲಿಯಸ್ ಸೀಸರನನ್ನು ದೇವರಾಗಿಸಿ ‘ದೀವುಸ್’ ಎಂದರು. 2008ರಲ್ಲಿ ಪಾವೊಲೊ ಸೊರೆಂಟಿನೊ, ಏಳು ಬಾರಿ ಇಟಲಿಯ ಪ್ರಧಾನಿಯಾದ ಜೂಲಿಯೊ ಆಂದ್ರೆಯೊತ್ತಿಯ ಮೇಲೆ ತೆಗೆದ ಚಿತ್ರಕ್ಕೂ ‘ಇಲ್ ದೀವೋ’ ಎಂದೇ ಹೆಸರಿಟ್ಟ.

ಅಂದಹಾಗೆ, ಇಟಲಿಯವರ ಉಚ್ಚಾರದಲ್ಲಿ ನಾಲಗೆ ಹಲ್ಲಿಗೆ ತಾಕುತ್ತದೆ. ಕನ್ನಡದಲ್ಲಿ ‘ದೀವಾ’ ಎಂದು ಬರೆದರೇ ಮೂಲಕ್ಕೆ ಹತ್ತಿರ. ‘ಡ’ಕಾರ ಬಂದದ್ದು ಇಂಗ್ಲಿಷಿನ ದಾರಿಯಲ್ಲಿ.