ಚಕ್ರದ ಮಾತ್ರಾಗಣಿತ

ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಗೇರಿನ ಗೊಡವೆ ಏಕೆಂದು ನೀವು ಕೇಳಬಹುದು. ಸವಳಂಗದಲ್ಲಿ ಬೇಸಾಯಗಾರನಾದ ನನ್ನ ತಮ್ಮ ಹಳೆಯದೊಂದು ಮಹೀಂದ್ರ ಸಿಜೆ-3ಬಿ ಜೀಪು ಕೊಂಡ. ನಾಲ್ಕು ಚಕ್ರಕ್ಕೂ ಗೇರು ಹಾಕಿದರೆ ಅದು ನೇರ ರಸ್ತೆಯಲ್ಲೂ ನರಳುತ್ತಿತ್ತು. ಹಿಂದಿನ ಆಕ್ಸಲ್ ಬದಲಾಗಿದೆಯೆ? ಬಿಚ್ಚದೆ ತಿಳಿಯುವುದು ಹೇಗೆ?

ಟಾಪ್ ಗೇರಿನಲ್ಲಿ ಎಂಜಿನ್ನಿನ ಸುತ್ತು ಹೆಚ್ಚುಕಡಿಮೆಯಾಗದೆ ಆಕ್ಸಲನ್ನು ತಲುಪುತ್ತದೆ. ಅಲ್ಲಿ ಪುಟ್ಟ ಪಿನಿಯನ್ ದೊಡ್ಡ ಕ್ರೌನನ್ನು ತಿರುಗಿಸಿ ವೇಗವನ್ನು ತಗ್ಗಿಸುತ್ತದೆ, ಬಲವನ್ನು ಹೆಚ್ಚಿಸುತ್ತದೆ. ಆದ್ದರಿಂದ ಎಂಜಿನ್ನಿನ ಸುತ್ತುಗಳನ್ನು ಚಕ್ರದ ಸುತ್ತುಗಳಿಂದ ಭಾಗಿಸಿದರೆ ಆಕ್ಸಲಿನ ಪ್ರಮಾಣ ದೊರೆಯುತ್ತದೆ.

ಟೈರಿಗೆ ಸೀಮೆಸುಣ್ಣದ ಗುರುತಿಟ್ಟು ಜೀಪನ್ನು ತಳ್ಳಿದೆವು: ಒಂದು ಸುತ್ತಿಗೆ 2.2 ಮೀಟರು. ಸ್ಪೀಡೋಮೀಟರನ್ನು ನಂಬಲಿಲ್ಲ, ಅದರ ಎಣಿಕೆ ಆಕ್ಸಲಿಗೆ ಮುಂಚೆಯೇ ಮುಗಿದಿರುತ್ತದೆ. ಶಿಕಾರಿಪುರದ ದಾರಿಯಲ್ಲಿ ಒಂದು ಕಿಲೋಮೀಟರು ಕಲ್ಲಿನಿಂದ ಮುಂದಿನ ಕಲ್ಲಿಗೆ, ಒಂದೇ ವೇಗದಲ್ಲಿ, ಎರಡು ನಿಮಿಷ ಹಿಡಿಯಿತು. ಅಂದರೆ ನಿಮಿಷಕ್ಕೆ 500 ಮೀಟರು, ಚಕ್ರಕ್ಕೆ 227 ಸುತ್ತು. ಮೆಕ್ಯಾನಿಕ್ ಜೋಡಿಸಿದ ಮಾಪಕ ಎಂಜಿನ್ನಿಗೆ 1110 ತೋರಿಸಿತು. ಭಾಗಲಬ್ಧ 4.89.

ಈ ಜೀಪಿಗೆ ಇರಬೇಕಾದದ್ದು 5.38. ನಮಗೆ ಸಿಕ್ಕಿದ್ದು ಎರಡನೆಯ ಮಹಾಯುದ್ಧದ ವಿಲ್ಲಿಸ್ ಜೀಪಿನ 4.88! ಮುಂದಿನ ಚಕ್ರಗಳದು ಒಂದು ಲೆಕ್ಕ, ಹಿಂದಿನವುಗಳದು ಇನ್ನೊಂದು. ಕೆಸರಿನಲ್ಲಿ ಚಕ್ರ ಜಾರಿ ಈ ಜಗಳ ತೀರುತ್ತದೆ. ಗಟ್ಟಿ ನೆಲದಲ್ಲಿ ಗೇರಿನ ಹಲ್ಲೇ ಮುರಿಯಬಹುದು. ಮಳೆಗಾಲಕ್ಕೆ ಮುಂಚೆ ತಮ್ಮ ಕ್ರೌನ್ ಪಿನಿಯನ್ನುಗಳನ್ನು ಬದಲಾಯಿಸಿದ.

ಸಾಲುಸಾಲಿಗೆ ಮಾತ್ರೆ ಬೇರೆಯಾದರೆ ರಗಳೆ ಕುಂಟುತ್ತದೆ. ಜೀಪೂ ಅಷ್ಟೆ.